ತೂತಿಲ್ಲದ ಎಲೆ

ನಮ್ಮ ಗಿಡದ ಬಳಗಕ್ಕೆ ಅಧ್ಯಕ್ಷರಿಲ್ಲ, ಕಾರ್ಯದರ್ಶಿಯಿಲ್ಲ, ರಸೀದಿ ಪುಸ್ತಕವೂ ಇಲ್ಲ. ಸಾಗರ ಪೇಟೆಯ ಆಚೀಚೆಯ ಹೆಂಗಸರು ತಿಂಗಳಿಗೊಮ್ಮೆ ಯಾರಾದರೊಬ್ಬರ ಮನೆಯಲ್ಲಿ ಸೇರುತ್ತೇವೆ, ಅಷ್ಟೆ. ಗಂಡಸರು ಬರಬಾರದೆಂದೇನೂ ಇಲ್ಲ. ಕಾರು ಓಡಿಸಿಕೊಂಡು ಬಂದವರು ಜಗುಲಿಯಲ್ಲಿ ಕೂತು ಕವಳ ಹಾಕುತ್ತ ಅಡಿಕೆ ಧಾರಣೆಯ ಮಾತಾಡಿಕೊಂಡಿರುತ್ತಾರೆ. ನಮ್ಮ ಕಾರ್ಯಕಲಾಪ ಹೀಗೆ: ಮೊದಲು ಅಂಗಳ ಸುತ್ತುವುದು, ಆಮೇಲೆ ಹಿತ್ತಲು ಸುತ್ತುವುದು, ಆಮೇಲೆ ತಿಂಡಿ, ಅದಾದ ಮೇಲೆ ಕೈ ತೊಳೆಯುವ ನೆಪದಲ್ಲಿ ಮತ್ತೊಮ್ಮೆ ಹಿತ್ತಲಿಗೆ ಹೋಗಿ ಮೊದಲ ಸುತ್ತಿನಲ್ಲಿ ಕಣ್ಣು ಹಾಕಿಟ್ಟ ಗಿಡದ ಗೆಲ್ಲು ಕೇಳುವುದು. ಕೇಳುವುದು ಎಂದು ಬರೆದದ್ದು ಮರ್ಯಾದೆಗೆ. ಕದ್ದ ಗಿಡ ಬೇಗ ಹತ್ತುತ್ತದೆ ಎಂಬ ನಂಬಿಕೆ ನಮ್ಮ ಸೀಮೆಯಲ್ಲಿ ಬಲವಾಗಿದೆ. ಸೆರಗಿನೊಳಗೆ ಸೇರಿದ ಕಡ್ಡಿಯನ್ನು ಕಂಡೂ ಕಾಣದಂತಿರುವುದು ಮನೆಯೊಡತಿಯ ದೊಡ್ಡತನ. ಸಭೆಯಿರುವ ದಿನ ಕೆಲವು ಕುಂಡಗಳು ಬಚ್ಚಲಮನೆ ಸೇರಿ ಅಡಗಿಕೊಳ್ಳುವುದು ಎಲ್ಲರಿಗೂ ಗೊತ್ತಿರುವ ಗುಟ್ಟು.

ಮಳೆಗಾಲದ ಮುಂಚೆ ಈ ವ್ಯವಹಾರ ಕಾವೇರುವುದು ಡೇರೆ ಗೆಡ್ಡೆಯಿಂದ. ಮಲೆನಾಡಿನ ಹೆಂಗಸರ ಡೇರೆ ಹುಚ್ಚಿಗೆ ಮದ್ದಿಲ್ಲ. ಗೊಬ್ಬರದ ಚೀಲ ಮಡಚಿ ಮಣ್ಣು ತುಂಬಿ, ಅಂಗಳದ ಉದ್ದಕ್ಕೆ ಸಾಲಿಟ್ಟು, ಜಡಿಮಳೆಗೆ ಮುರಿಯದಂತೆ ಬಿದಿರಿನ ಕೋಲು ಕಟ್ಟಿ, ಗಣಪತಿ ಹಬ್ಬದ ಹೊತ್ತಿಗೆ ಅಂಗೈ ಮೀರುವ ಹೂ ಅರಳಿಸುವುದು ಇಲ್ಲಿ ಸಣ್ಣ ಸಾಧನೆಯಲ್ಲ. ಹೊಸ ಬಣ್ಣದ ಗೆಡ್ಡೆಯಿರುವವಳನ್ನು ಎಲ್ಲರೂ ತುಸು ಜಾಸ್ತಿಯೇ ಮಾತಾಡಿಸುತ್ತಾರೆ. "ಕೊಡ್ತೀನಿ ಮಾರಾಯ್ತಿ, ಒಂದು ಮಳೆ ಬೀಳ್ಲಿ" ಎನ್ನುತ್ತಾಳೆ ಅವಳು. ಮಳೆ ಬೀಳುತ್ತದೆ. ಆಮೇಲೆ, "ಅಯ್ಯೋ, ಗೆಡ್ಡೆ ಎಲ್ಲ ಕೊಳೆತೇ ಹೋಯ್ತು." ಇಷ್ಟು ಜಗಳಕ್ಕೆ ಕಾರಣವಾದ ಡೇರೆಯ ತವರು ಮೆಕ್ಸಿಕೊ, 1963ರಿಂದ ಅದು ಆ ದೇಶದ ರಾಷ್ಟ್ರೀಯ ಹೂ. ನಮ್ಮ ಆಯುಧಪೂಜೆಯ ಚೆಂಡು ಹೂವೂ, ಮದುವೆ ಮಾಲೆಯ ಸುಗಂಧರಾಜವೂ ಆ ಕಡೆಯವೇ. ಬೋಗನ್‌ವಿಲ್ಲಾ ಬ್ರೆಜಿಲ್ ಕಡೆಯದು, ನಿತ್ಯಪುಷ್ಪ ಮಡಗಾಸ್ಕರಿನದು. ಬಿ.ಜಿ.ಎಲ್. ಸ್ವಾಮಿಯವರು 'ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ' ಎಂದು ಪುಸ್ತಕವನ್ನೇ ಬರೆದರು. ಅವರು ನಮ್ಮ ಅಂಗಳಕ್ಕೆ ಬಂದಿದ್ದರೆ ಎರಡನೆಯ ಸಂಪುಟಕ್ಕೆ ಸಾಮಗ್ರಿ ಸಿಗುತ್ತಿತ್ತು.

ಹೂವಿನ ಬಗ್ಗೆ ನಾವು ಮಾತಾಡುವುದು ಅರ್ಧ ಗಂಟೆ. ಹುಳದ ಬಗ್ಗೆ ಮಾತಾಡುವುದು ಉಳಿದೆಲ್ಲ ಹೊತ್ತು. ಹಲಸಿನ ಹಪ್ಪಳವೋ ಕೋಡುಬಳೆಯೋ ಕೈಗೆ ಬಂದ ಕೂಡಲೇ ವರದಿ ಶುರು. ದಾಸವಾಳಕ್ಕೆ ಬಿಳಿ ಹಿಟ್ಟು ಬಂದಿದೆ, ಗುಲಾಬಿ ಎಲೆಯನ್ನು ಯಾರೋ ಕತ್ತರಿಸಿದ್ದಾರೆ, ಲಿಲ್ಲಿ ಗಿಡ ರಾತ್ರಿ ಬೆಳಗಾಗುವುದರಲ್ಲಿ ಬೋಳಾಗಿದೆ. ವರದಿಯ ಬೆನ್ನಿಗೇ ಔಷಧಿಗಳ ಪಟ್ಟಿ. ಬೇವಿನೆಣ್ಣೆಗೆ ಸೋಪಿನ ನೀರು, ಹುಳಿ ಮಜ್ಜಿಗೆಗೆ ಇಂಗು, ಬೆಳ್ಳುಳ್ಳಿ-ಹಸಿಮೆಣಸಿನ ರಸ, ಹೊಗೆಸೊಪ್ಪಿನ ಕಷಾಯ, ಗೋಮೂತ್ರ, ಒಲೆಬೂದಿ. ಅಡುಗೆಮನೆಯಲ್ಲಿ ಇರುವ ಯಾವುದನ್ನೂ ನಾವು ಗಿಡದ ಮೇಲೆ ಎರಚದೆ ಬಿಟ್ಟಿಲ್ಲ. ಅಡಿಕೆ ಕೊಳೆರೋಗಕ್ಕೆ ಗಂಡಸರು ಹೊಡೆಸುವ ಮೈಲುತುತ್ತ-ಸುಣ್ಣದ ಬೋರ್ಡೊ ದ್ರಾವಣ ಡ್ರಮ್ಮಿನ ತಳದಲ್ಲಿ ಉಳಿದಿದ್ದರೆ ಅದನ್ನೂ ಡೇರೆಗೆ ಸುರಿಯುವ ಧೀರೆಯರಿದ್ದಾರೆ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್‌ಮನ್ ಈ ಸೀಮೆಯ ಅಡಿಕೆ ತೋಟಗಳಿಗೆ ಆ ದ್ರಾವಣ ಕಲಿಸಿಕೊಟ್ಟದ್ದು ಶಿಲೀಂಧ್ರಕ್ಕೆ, ಹುಳಕ್ಕಲ್ಲ. ಆದರೆ ಹುಳ ಕಂಡಾಗ ಇಷ್ಟೆಲ್ಲ ವಿಂಗಡಣೆ ಮಾಡುವ ತಾಳ್ಮೆ ಯಾರಿಗಿರುತ್ತದೆ?

ವಾಟ್ಸ್ಆ್ಯಪ್ ಬಂದ ಮೇಲೆ ಹುಳಗಳ ವರದಿ ತಿಂಗಳ ಸಭೆಗೆ ಕಾಯುವುದಿಲ್ಲ. ಬೆಳಗ್ಗೆ ಆರಕ್ಕೇ ಫೋಟೊ ಬಂದು ಬೀಳುತ್ತದೆ: "ಇದು ಎಂತ ಹುಳ? ಅರ್ಜೆಂಟ್!" ಹೆಚ್ಚಿನ ಸಲ ಅದು ನಂದಿಬಟ್ಟಲಿನ ಎಲೆ ಮೇಯುವ ಹಾಕ್ ಪತಂಗದ ಮರಿ. ಬೆರಳಿಗಿಂತ ದಪ್ಪ, ಹಸಿರು ಮೈ, ತಲೆಯ ಹಿಂದೆ ನೀಲಿ ಬಿಳಿಯ ಎರಡು ದೊಡ್ಡ ಕಣ್ಣು. ಅವು ಕಣ್ಣಲ್ಲ, ಹಕ್ಕಿಯನ್ನು ಹೆದರಿಸಲು ಇರುವ ಬೊಟ್ಟುಗಳು. ಹಕ್ಕಿ ಹೆದರುತ್ತದೋ ಇಲ್ಲವೋ, ನಮ್ಮ ಬಳಗ ಪೂರ್ತಿ ಹೆದರುತ್ತದೆ. ನಂದಿಬಟ್ಟಲಿನ, ಕಣಗಿಲೆಯ ಹಾಲು ನಮಗೆ ವಿಷ. ಅದನ್ನೇ ಉಂಡು ಬೆಳೆದ ಈ ಹುಳ ಕೊನೆಗೆ ಹಸಿರು-ಗುಲಾಬಿ ಕಲಸಿದ ರೆಕ್ಕೆಯ ಪತಂಗವಾಗಿ ರಾತ್ರಿಯಲ್ಲಿ ಹೂವಿಂದ ಹೂವಿಗೆ ಹಾರುತ್ತದೆ. ಸೀರೆ ಅಂಗಡಿಯವರು ಆ ಬಣ್ಣವನ್ನು ಇನ್ನೂ ಹಿಡಿದಿಲ್ಲ.

ಇಂಥ ನಮ್ಮ ಬಳಗಕ್ಕೆ ಬ್ಯಾಂಕಿನಿಂದ ನಿವೃತ್ತರಾದ ಒಬ್ಬ ಮೇಡಂ ಸೇರಿದರು. ಅವರ ಮನೆಯ ಸಭೆಗೆ ಹೋದಾಗ ಎಲ್ಲರೂ ಬೆರಗಾಗಿ ನಿಂತೆವು. ಆಂಥೂರಿಯಂ, ಹೆಲಿಕೋನಿಯ, ಮಾನ್‌ಸ್ಟೆರ, ಕ್ಯಾಲೇಡಿಯಂ, ಹತ್ತಾರು ನಮೂನೆ ಕ್ರೋಟನ್. ಒಂದು ಎಲೆಯಲ್ಲಿ ತೂತಿಲ್ಲ. ಮಾನ್‌ಸ್ಟೆರದ ಎಲೆಗೆ ಹುಟ್ಟುತ್ತಲೇ ತೂತಿರುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬಾರದು. "ಎಂತ ಹೊಡಿತೀರಿ ಮೇಡಂ?" ಎಂದು ಎಲ್ಲರೂ ಮುತ್ತಿಕೊಂಡರು. ಏನೂ ಹೊಡೆಯುವುದಿಲ್ಲ ಎಂದರು ಅವರು. ಬಚ್ಚಲಮನೆಯಲ್ಲಿ ಕುಂಡ ಅಡಗಿಸಿಡುವವರ ನಡುವೆ ಈ ಮಾತನ್ನು ಯಾರು ನಂಬುತ್ತಾರೆ? ಆದರೆ ಅವರು ಹೇಳಿದ್ದು ನಿಜವೇ ಇತ್ತು. ಆ ಗಿಡಗಳ ಪೈಕಿ ಬಹುಪಾಲು ಸಮುದ್ರದಾಚೆಯಿಂದ ಬಂದವು. ಅವುಗಳನ್ನು ತಿಂದು ಅರಗಿಸಿಕೊಳ್ಳಲು ಕಲಿತ ಹುಳ ಇದ್ದರೆ ಅಮೆರಿಕದ ಕಾಡಿನಲ್ಲಿ ಇದೆ. ಇಲ್ಲಿನ ಹುಳಗಳಿಗೆ ಆ ಎಲೆ ಒಂದು ತಿನಿಸೆಂದು ಗೊತ್ತೇ ಇಲ್ಲ. ಊರಲ್ಲಿ ನೆಂಟರೇ ಇಲ್ಲದವನ ಮನೆಯಲ್ಲಿ ಅನ್ನ ಉಳಿದಂತೆ ಆ ಎಲೆಗಳು ಉಳಿದಿದ್ದವು.

ಅವರ ಹಿತ್ತಲಲ್ಲಿ ತೂತು ಬಿದ್ದ ಗಿಡ ಒಂದೇ, ಕರಿಬೇವು. ಮೇಡಂ ಅದರ ಬಗ್ಗೆ ಬೇಸರದಿಂದಲೇ ಹೇಳಿದರು, ಒಗ್ಗರಣೆಗೆ ನಾಲ್ಕೆಸಳು ಸಿಗುವುದಿಲ್ಲ ಎಂದು. ಎಲೆಯ ಮೇಲೆ ಹಕ್ಕಿಯ ಹಿಕ್ಕೆ ಬಿದ್ದಿತ್ತು; ನೋಡುತ್ತ ನಿಂತರೆ ಹಿಕ್ಕೆ ನಡೆಯತೊಡಗಿತು. ನಿಂಬೆ ಚಿಟ್ಟೆಯ ಮರಿಹುಳ ಚಿಕ್ಕಂದಿನಲ್ಲಿ ಹಿಕ್ಕೆಯ ವೇಷದಲ್ಲೇ ಇರುತ್ತದೆ, ಏಕೆಂದರೆ ತನ್ನ ಹಿಕ್ಕೆಯನ್ನು ತಾನೇ ತಿನ್ನುವ ಹಕ್ಕಿಯಿಲ್ಲ. ದೊಡ್ಡದಾದಾಗ ಎಲೆಹಸಿರು ಬಣ್ಣ ತೊಡುತ್ತದೆ. ಆಗ ಕಡ್ಡಿಯಿಂದ ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಪಗಿನ ಕವಲೊಂದನ್ನು ಹೊರಚಾಚಿ ಗಪ್ಪೆಂದು ವಾಸನೆ ಬಿಡುತ್ತದೆ. ಅದೇ ಗಿಡಕ್ಕೆ ಕಾಮನ್ ಮಾರ್ಮನ್ ಎಂಬ ಕರಿಚಿಟ್ಟೆಯೂ ಬರುತ್ತದೆ. ಅದರ ಹೆಣ್ಣುಗಳಲ್ಲಿ ಕೆಲವು ತಮ್ಮ ಗಂಡಿನಂತೆ ಕಾಣುತ್ತವೆ, ಕೆಲವು ಕಾಮನ್ ರೋಸ್ ಎಂಬ ಬೇರೆಯದೇ ಜಾತಿಯ ವಿಷದ ಚಿಟ್ಟೆಯ ಕೆಂಪು ಬಿಳಿ ಮಚ್ಚೆ ಧರಿಸಿ ಹಕ್ಕಿಗಳನ್ನು ಯಾಮಾರಿಸುತ್ತವೆ. ಎರಡೂ ಚಿಟ್ಟೆ ಒಂದೇ ಬೇಲಿಯ ಮೇಲೆ ಹಾರುವಾಗ ಯಾವುದು ಅಸಲಿ ಎಂದು ಹೇಳುವುದು ನನಗಂತೂ ಬೇಗ ಆಗುವುದಿಲ್ಲ; ಮೈ ಕೆಂಪಾಗಿದ್ದರೆ ಅಸಲಿ, ಕಪ್ಪಾಗಿದ್ದರೆ ವೇಷ ಎಂದು ನೋಡಿಕೊಳ್ಳಬೇಕು. ಇಷ್ಟು ದೊಡ್ಡ ನಾಟಕ ಒಂದು ಕರಿಬೇವಿನ ಗಿಡದ ಖರ್ಚಿನಲ್ಲಿ ನಡೆಯುತ್ತದೆ. ಒಗ್ಗರಣೆಗೆ ಬೇಕಿದ್ದರೆ ಇನ್ನೊಂದು ಗಿಡ ನೆಟ್ಟರಾಯಿತು, ಬೇರಿನಿಂದ ಎದ್ದ ಮರಿಗಳು ಹಿತ್ತಲ ತುಂಬ ಇರುತ್ತವೆ.

ಗುಲಾಬಿ ಎಲೆಯನ್ನು ಕತ್ತರಿಸುವ 'ಯಾರೋ' ಕೂಡ ಹೀಗೇ ಒಬ್ಬಳು. ಎಲೆಯಂಚಿನಲ್ಲಿ ಬಳೆ ಇಟ್ಟು ಗೀರಿದಷ್ಟು ಅಚ್ಚುಕಟ್ಟಾದ ಅರೆವೃತ್ತ ಕಾಣೆಯಾಗಿದ್ದರೆ ಅದು ರೋಗವಲ್ಲ, ಒಂಟಿಯಾಗಿ ಬದುಕುವ ಒಂದು ಜಾತಿಯ ಜೇನುನೊಣದ ಕೆಲಸ. ಅದು ಎಲೆ ತಿನ್ನುವುದೂ ಇಲ್ಲ. ಕತ್ತರಿಸಿದ ತುಂಡನ್ನು ಒಯ್ದು, ಯಾವುದೋ ಬಿದಿರಿನ ತೂತಿನಲ್ಲಿ ಸುರುಳಿ ಮಾಡಿ, ಒಳಗೆ ಪರಾಗದ ಉಂಡೆ ಇಟ್ಟು ಮೊಟ್ಟೆಯಿಡುತ್ತದೆ. ಗುಲಾಬಿಗೆ ಇದರಿಂದ ಏನೂ ನಷ್ಟವಿಲ್ಲ. ಇದನ್ನು ಬಳಗದಲ್ಲಿ ಹೇಳಿದಾಗ ನಮ್ಮ ಹಿರಿಯ ಸದಸ್ಯೆ, ಎಲ್ಲರೂ ದೊಡ್ಡಮ್ಮ ಎನ್ನುವವರು, ಭೃಂಗದ ಮಾತು ತೆಗೆದರು. ಗೋಡೆಯ ಮೂಲೆಯಲ್ಲಿ ಮಣ್ಣಿನ ಗೂಡು ಕಟ್ಟುವ ಕಣಜ ಒಂದು ಹುಳವನ್ನು ತಂದು ಒಳಗಿಟ್ಟು ಬಾಯಿ ಮುಚ್ಚುತ್ತದೆ. ಹುಳ ಭಯದಿಂದ ಕಣಜವನ್ನೇ ಧ್ಯಾನಿಸುತ್ತ ಧ್ಯಾನಿಸುತ್ತ ತಾನೂ ಕಣಜವಾಗಿ ಹೊರಬರುತ್ತದೆ. ಇದೇ ಕೀಟ-ಭೃಂಗ ನ್ಯಾಯ, ವೇದಾಂತದಲ್ಲಿ ಜೀವ ಬ್ರಹ್ಮವಾಗುವುದಕ್ಕೆ ಕೊಡುವ ದೃಷ್ಟಾಂತ. ಹಳಬರ ಕಣ್ಣು ಎಷ್ಟು ಚುರುಕಾಗಿತ್ತೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಹುಳ ಒಳಗೆ ಹೋದದ್ದು ನಿಜ, ಕಣಜ ಹೊರಗೆ ಬಂದದ್ದೂ ನಿಜ. ನಡುವೆ ಮುಚ್ಚಿದ ಬಾಗಿಲ ಹಿಂದೆ ನಡೆದದ್ದು ಮಾತ್ರ ಧ್ಯಾನವಲ್ಲ, ಊಟ. ಕಣಜ ಹುಳವನ್ನು ಚುಚ್ಚಿ, ಸಾಯದಂತೆ, ಅಲುಗಾಡಲೂ ಆಗದಂತೆ ಮಾಡಿ, ಜೊತೆಗೆ ತನ್ನ ಮೊಟ್ಟೆಯಿಟ್ಟು ಹೋಗಿರುತ್ತದೆ. ಮರಿ ಒಡೆದು ಬಂದು ಆ ತಾಜಾ ಹುಳವನ್ನು ತಿಂದು ಬೆಳೆಯುತ್ತದೆ. ನಾನು ಇಷ್ಟು ವಿವರಿಸಿದ ಮೇಲೆ ದೊಡ್ಡಮ್ಮ ಕವಳದ ಬಾಯಿಂದಲೇ ಹೇಳಿದರು: "ಹಂಗಾದ್ರೂ ಹುಳ ಕಣಜವೇ ಆದ ಹಾಗಾಯ್ತಲ್ಲೇ!" ವೇದಾಂತಿಗಳ ಬಾಯಿ ಮುಚ್ಚಿಸುವುದು ಕಷ್ಟ. ಆದರೆ ಎಲೆ ತಿನ್ನುವ ಹುಳಗಳನ್ನು ಒಯ್ಯುವ ಈ ಕಣಜದ ಗೂಡನ್ನು ಪೊರಕೆಯಿಂದ ಉದುರಿಸುವುದನ್ನು ಅಂದಿನಿಂದ ಎಲ್ಲರೂ ಬಿಟ್ಟಿದ್ದಾರೆ. ಧ್ಯಾನಕ್ಕೋ ಊಟಕ್ಕೋ, ಅದು ಅವರವರ ಮತ.

ನೆಂಟರಿಲ್ಲದ ಊರಿಗೆ ಬಂದ ಗಿಡದ ಕಷ್ಟವನ್ನು ನಮ್ಮ ಸೀಮೆ ವೆನಿಲಾ ಕಾಲದಲ್ಲಿ ಚೆನ್ನಾಗಿ ಕಂಡಿದೆ. 2003ರ ಆಸುಪಾಸು ಅದರ ಬೆಲೆ ಆಕಾಶಕ್ಕೇರಿದಾಗ ಅಡಿಕೆ ಮರದ ಬುಡದಲ್ಲೆಲ್ಲ ಬಳ್ಳಿ ಹಬ್ಬಿತು. ರಾತ್ರಿ ಕಾವಲು ಕೂತವರೂ ಇದ್ದರು. ಹೂ ಬಿಟ್ಟರೂ ಕಾಯಿ ತಾನಾಗಿ ಕಚ್ಚುವುದಿಲ್ಲ. ಅದರ ಪರಾಗಸ್ಪರ್ಶ ಮಾಡುವ ಜೇನುನೊಣ ಮೆಕ್ಸಿಕೊದಲ್ಲೇ ಉಳಿದಿದೆ. 1841ರಲ್ಲಿ ರಿಯೂನಿಯನ್ ದ್ವೀಪದಲ್ಲಿ ಗುಲಾಮನಾಗಿದ್ದ ಎಡ್ಮಂಡ್ ಆಲ್ಬಿಯಸ್ ಎಂಬ ಹನ್ನೆರಡರ ಹುಡುಗ ಸಣ್ಣ ಕಡ್ಡಿಯೊಂದರಿಂದ ಆ ಕೆಲಸ ಮಾಡುವ ಉಪಾಯ ಕಂಡುಹಿಡಿದ. ಅವನ ಉಪಾಯವನ್ನೇ ಹಿಡಿದು ಮಲೆನಾಡಿನ ಹೆಂಗಸರು ಬೆಳಗ್ಗೆದ್ದು, ದೋಸೆ ಹಿಟ್ಟಿಗೆ ಮುಚ್ಚಳ ಮುಚ್ಚಿ, ತೋಟಕ್ಕಿಳಿದು, ಒಂದೊಂದೇ ಹೂವಿಗೆ ನೊಣದ ಕೆಲಸ ಮಾಡಿದರು. ಮಧ್ಯಾಹ್ನವಾದರೆ ಹೂ ಬಾಡುತ್ತದೆ, ಆ ದಿನದ್ದು ಹೋಯಿತು. ಬೆಲೆ ಬಿದ್ದ ವರ್ಷ ನೊಣಗಳು ರಾಜೀನಾಮೆ ಕೊಟ್ಟವು.

ಮನೆಮನೆಯ ಬ್ರಹ್ಮಕಮಲದ ಕತೆಯೂ ಹೆಚ್ಚು ಬೇರೆಯಲ್ಲ. ಮೆಕ್ಸಿಕೊ ಕಡೆಯ ಈ ಕಳ್ಳಿಜಾತಿಯ ಗಿಡ ರಾತ್ರಿ ಹತ್ತರ ಮೇಲೆ ಅರಳುತ್ತದೆ, ಬೆಳಗಾದರೆ ಜೋತುಬೀಳುತ್ತದೆ. ಅದರ ಊರಿನಲ್ಲಿ ಆ ಹೊತ್ತಿಗೆ ಬರುವವರು ಪತಂಗಗಳು. ಇಲ್ಲಿ ಬರುವವರು ನಾವು, ಶಾಲು ಹೊದ್ದು, ಟಾರ್ಚು ಹಿಡಿದು. ಆರತಿಯಾಗುತ್ತದೆ, ಫೋಟೊ ಆಗುತ್ತದೆ, ಕಷಾಯವೂ ಆಗುತ್ತದೆ. ಒಟ್ಟು ಇಪ್ಪತ್ತು ಹೂ ಬಿಟ್ಟರೆ ಮರುದಿನದ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಸುದ್ದಿ. ಇಂಥ ರಾತ್ರಿಗಳನ್ನು ನಾನು ಯಾವ ಹುಳಕ್ಕೂ ಬಿಟ್ಟುಕೊಡಲಾರೆ.

ಪರದೇಶದ ಗಿಡ ಬಂದು ಅಂಗಳದಲ್ಲೇ ಉಳಿದರೆ ಹೆಚ್ಚಿನ ತೊಂದರೆಯಿಲ್ಲ; ಅದರ ಹಿಂದೆ ಅದರ ಹುಳ ಮಾತ್ರ ಬಂದು, ಆ ಹುಳದ ವೈರಿ ಬರದಿದ್ದರೆ ನಿಜವಾದ ಕಷ್ಟ. ದಾಸವಾಳದ ಬಿಳಿ ಹಿಟ್ಟು ಎನ್ನುತ್ತೇವಲ್ಲ, ಆ ಹಿಟ್ಟು ತಿಗಣೆಗಳಲ್ಲಿ ಪಪ್ಪಾಯಿಯದು ಎಂಬ ಒಂದು ಬಗೆ 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡಿತು. ಅದೂ ಮೆಕ್ಸಿಕೊ ಸೀಮೆಯದು. ಪಪ್ಪಾಯಿ, ಹಿಪ್ಪುನೇರಳೆ, ಮರಗೆಣಸು, ದಾಸವಾಳ ಯಾವುದನ್ನೂ ಬಿಡದೆ ತಮಿಳುನಾಡು, ಕರ್ನಾಟಕದ ಉದ್ದಕ್ಕೂ ಹಬ್ಬಿತು. ಎಷ್ಟು ವಿಷ ಹೊಡೆದರೂ ಮೈಮೇಲಿನ ಮೇಣದ ಹೊದಿಕೆ ದಾಟುವುದಿಲ್ಲ. 2010ರಲ್ಲಿ ಬೆಂಗಳೂರಿನ ಹೆಬ್ಬಾಳದ ಕೃಷಿ ಕೀಟಗಳ ರಾಷ್ಟ್ರೀಯ ಸಂಸ್ಥೆಯವರು ಪೋರ್ಟೊ ರಿಕೊದಿಂದ ಅಸೆರೊಫ್ಯಾಗಸ್ ಪಪಾಯೆ ಎಂಬ, ಸಾಸಿವೆಗಿಂತ ಚಿಕ್ಕ ಕಣಜವನ್ನು ತರಿಸಿ, ಬೆಳೆಸಿ, ಬಿಟ್ಟರು. ಕಣಜ ತಿಗಣೆಯೊಳಗೆ ಮೊಟ್ಟೆಯಿಡುತ್ತದೆ, ಮರಿ ಒಳಗಿನಿಂದ ತಿಂದು ಮುಗಿಸುತ್ತದೆ. ಕೆಲವೇ ತಿಂಗಳಲ್ಲಿ ಹಾವಳಿ ಇಳಿಯಿತು. ಈ ಜಾಣತನ ಇಲ್ಲಿಗೆ ಹೊಸದೂ ಅಲ್ಲ. ಕಾಫಿ ತೋಟದ ಕೀಟಗಳಿಗೆಂದು 1898ರಲ್ಲೇ ಆಸ್ಟ್ರೇಲಿಯಾದಿಂದ ಕರಿಬೆನ್ನಿನ ಒಂದು ಗುಲಗಂಜಿ ಹುಳವನ್ನು ತರಿಸಿದ್ದರು. ಅದರ ಮರಿ ನೋಡಲು ಥೇಟು ಹಿಟ್ಟು ತಿಗಣೆಯೇ, ಬಿಳಿ ಮೇಣದ ಎಳೆಗಳು ಮೈತುಂಬ. ಔಷಧಿ ಹೊಡೆಯುವ ಕೈಗೆ ಕಳ್ಳ ಯಾರು, ಪೊಲೀಸ್ ಯಾರು ಎಂದು ಗೊತ್ತಾಗುವುದಿಲ್ಲ. ತುಸು ದೊಡ್ಡದಾಗಿ, ಬೇಗ ಬೇಗ ಓಡಾಡುವುದು ಕಂಡರೆ ಅದು ಪೊಲೀಸ್, ಬಿಡಿ.

ಹಿಟ್ಟು ತಿಗಣೆಯ ಸಿಹಿರಸಕ್ಕಾಗಿ ಇರುವೆಗಳು ಅದನ್ನು ಹಸುವಿನಂತೆ ಸಾಕುತ್ತವೆ ಎಂದು ಮಕ್ಕಳ ಪುಸ್ತಕದಲ್ಲೂ ಓದಿರುತ್ತೀರಿ. ನಮ್ಮ ಚಗಳಿಯೂ ಈ ವ್ಯವಹಾರದಲ್ಲಿ ಉಂಟು. ಮಾವು, ಗೇರು ಮರದಲ್ಲಿ ತನ್ನದೇ ಮರಿಗಳ ನೂಲಿನಿಂದ ಎಲೆ ಹೊಲಿದು ಗೂಡು ಕಟ್ಟುವ ಈ ಕೆಂಪಿರುವೆಯನ್ನು ನಾವು ಶೀತಕ್ಕೆ ಚಟ್ನಿ ಅರೆದು ತಿನ್ನುತ್ತೇವೆ, ಮರ ಹತ್ತಿದವರನ್ನು ಅದು ತಿನ್ನುತ್ತದೆ. ಆದರೆ ಚಗಳಿಯಿರುವ ಗೇರಿಗೆ ಸೊಳ್ಳೆಯಂಥ ತಿಗಣೆಯ ಕಾಟ ಕಡಿಮೆ. ಚೀನಾದಲ್ಲಿ ಕ್ರಿ.ಶ. 304ರದೆನ್ನುವ ಒಂದು ಸಸ್ಯಗ್ರಂಥ, ಕಿತ್ತಳೆ ತೋಟ ಕಾಯುವುದಕ್ಕೆ ಇದೇ ಜಾತಿಯ ಇರುವೆಯ ಗೂಡನ್ನು ಚೀಲದಲ್ಲಿ ತಂದು ಸಂತೆಯಲ್ಲಿ ಮಾರುತ್ತಿದ್ದರೆಂದು ಹೇಳುತ್ತದೆ. ಬಳಗದಲ್ಲಿ ಈ ವಿಷಯ ಎತ್ತಿದಾಗ ಉಳಿದವರು ಕೇಳಿದ್ದು ಒಂದೇ ಪ್ರಶ್ನೆ: ಗೂಡಿಗೆ ಎಷ್ಟು ರೇಟಂತೆ?

ಇಷ್ಟಾದರೂ ಗಿಡ ಪ್ರಿಯರ ಮೇಲೆ ಒಂದು ದೊಡ್ಡ ಆರೋಪ ಉಳಿದೇ ಇದೆ. ಕಾಡು, ಹಾಡ್ಯ, ರಸ್ತೆಬದಿಯನ್ನೆಲ್ಲ ನುಂಗಿದ ಲಂಟಾನವನ್ನು 19ನೇ ಶತಮಾನದ ಆರಂಭದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ತಂದದ್ದು ಹೂ ಚೆಂದವಿದೆ ಎಂದೇ. ಕೆರೆ ಮುಚ್ಚುವ ನೇರಳೆ ಹೂವಿನ ಜಲಕಳೆ ಬಂದದ್ದೂ ಅದೇ ಕಾರಣಕ್ಕೆ. ಯಾರೋ ಒಬ್ಬರ ಅಂಗಳದಲ್ಲಿ ಹೆಚ್ಚಾದದ್ದನ್ನು ಯಾರೋ ಕಿತ್ತು ಧರೆಯಾಚೆ ಎಸೆದಿದ್ದಾರೆ, ಅಲ್ಲಿ ಅದನ್ನು ತಿನ್ನುವವರಿಲ್ಲ. ತೂತಿಲ್ಲದ ಎಲೆ ಬೇಲಿ ದಾಟಿದರೆ ಆಗುವುದು ಇದು. ಲಾಲ್‌ಬಾಗಿನ ಗಾಜಿನಮನೆಯ ಆಗಸ್ಟ್ ಫಲಪುಷ್ಪ ಪ್ರದರ್ಶನಕ್ಕೆ ಬಳಗದವರೆಲ್ಲ ಬಸ್ಸು ಮಾಡಿಕೊಂಡು ಹೋಗುವುದಿದೆ. ನೂಕುನುಗ್ಗಲಲ್ಲಿ ಕಾಲು ತುಳಿಸಿಕೊಂಡು, ನರ್ಸರಿ ಮಳಿಗೆಯಲ್ಲಿ ಚೀಲ ತುಂಬಿಕೊಂಡು ಬರುತ್ತೇವೆ. ಆ ಚೀಲದಲ್ಲಿ ಬರುವ ಗಿಡಗಳ ಬಗ್ಗೆಯೇ ನನಗೆ ಈಗೀಗ ಹೆಚ್ಚು ಚಿಂತೆ.

ಇತ್ತೀಚಿನ ಉದಾಹರಣೆ ಬಾತುಕೋಳಿಯಂಥ ಹೂ ಬಿಡುವ ಅಮೆರಿಕದ ಬಳ್ಳಿ. ಒಬ್ಬರು ತಂದರು, ಮೂರು ಸಭೆಯೊಳಗೆ ಎಲ್ಲರ ಬೇಲಿಗೂ ಹತ್ತಿತು. ಅದು ನಮ್ಮ ಈಶ್ವರಿ ಬಳ್ಳಿಯ ಕುಲದ್ದು. ಹಾವು ಬರದಿರಲೆಂದು ಹಿರಿಯರು ಬೇಲಿಗೆ ಹಬ್ಬಿಸುತ್ತಿದ್ದ ಈಶ್ವರಿ ಬಳ್ಳಿಯ ಹೂವಿಗೆ ಅಂಥ ಚೆಲುವಿಲ್ಲ, ಹಾಗಾಗಿ ಕಳೆಯೆಂದು ಕಿತ್ತವರೇ ಹೆಚ್ಚು. ಆದರೆ ಕಾಮನ್ ರೋಸ್ ಮೊಟ್ಟೆಯಿಡುವುದು ಅದರ ಮೇಲೆ. ನಮ್ಮ ರಾಜ್ಯದ ಚಿಟ್ಟೆಯೆಂದು ಹೆಸರಾದ, ಅಂಗೈಯಗಲದ ಸದರ್ನ್ ಬರ್ಡ್‌ವಿಂಗ್ ಮರಿ ಬೆಳೆಯುವುದೂ ಈ ಕುಟುಂಬದ ಗಿಡಗಳ ಮೇಲೆಯೇ. ಎಲೆಯ ವಿಷವನ್ನು ಮೈಯಲ್ಲಿ ಕೂಡಿಟ್ಟುಕೊಂಡು ಅವು ಹಕ್ಕಿಯಿಂದ ಪಾರಾಗುತ್ತವೆ. ಆಸ್ಟ್ರೇಲಿಯಾದ ಪೂರ್ವ ಕರಾವಳಿಯಲ್ಲಿ ಇವುಗಳ ನೆಂಟ ರಿಚ್‌ಮಂಡ್ ಬರ್ಡ್‌ವಿಂಗ್ ಎಂಬ ಚಿಟ್ಟೆಯಿದೆ. ಅಲ್ಲಿನ ಜನ ಅಂಗಳದ ಅಂದಕ್ಕೆ ಅಮೆರಿಕದ ಇಂಥದೇ ಬಳ್ಳಿ ಹಬ್ಬಿಸಿದರು. ಚಿಟ್ಟೆ ವಾಸನೆಗೆ ಮರುಳಾಗಿ ಅದರ ಮೇಲೆ ಮೊಟ್ಟೆಯಿಟ್ಟಿತು, ಒಡೆದು ಬಂದ ಮರಿಗಳು ಎಲೆ ತಿಂದು ಸತ್ತವು. ಚಿಟ್ಟೆ ಅಪರೂಪವಾದ ಮೇಲೆ, 1990ರ ದಶಕದಲ್ಲಿ, ಶಾಲೆಯ ಮಕ್ಕಳೂ ಮನೆತೋಟದವರೂ ಸೇರಿ ಊರಿನದೇ ಬಳ್ಳಿಯನ್ನು ಮತ್ತೆ ನೆಡತೊಡಗಿದರು. ನಮ್ಮ ಚಿಟ್ಟೆಗಳನ್ನು ಅಂಥ ಪರೀಕ್ಷೆಗೆ ಕೂರಿಸುವ ಅಗತ್ಯ ನನಗೆ ಕಾಣುವುದಿಲ್ಲ. ಹೋದ ಸಭೆಯಲ್ಲಿ ಇದನ್ನು ಹೇಳಿದಾಗ ಅರ್ಧ ಜನ ಒಪ್ಪಿದರು, ಇನ್ನರ್ಧ ಜನ, "ಹೂ ಒಂದು ಸಲ ಬಿಡಲಿ, ಕಿತ್ತರಾಯ್ತು" ಎಂದರು. ಮೇಡಂ ಮಾತ್ರ ಮರುದಿನವೇ ಕಿತ್ತು ಫೋಟೊ ಕಳಿಸಿದರು.

ನಿಮಗೂ ಹೇಳುವುದು ಇಷ್ಟೆ. ಆಂಥೂರಿಯಂ, ಡೇರೆ ಇರಲಿ, ಅದಿಲ್ಲದೆ ನಮ್ಮ ಮಳೆಗಾಲ ಕಳೆಯುವುದಿಲ್ಲ. ಹೆಚ್ಚಾದ ಗಿಡವನ್ನು ಹೊಳೆಗೂ ಬೆಟ್ಟಕ್ಕೂ ಎಸೆಯದೆ ಗೊಬ್ಬರಗುಂಡಿಗೆ ಹಾಕಿ. ಬೇಲಿಯ ಒಂದು ಮೂಲೆಯಲ್ಲಿ ಈಶ್ವರಿ ಬಳ್ಳಿಗೆ ಜಾಗ ಮಾಡಿ. ನರ್ಸರಿಯಲ್ಲಿ ಸಿಗುವುದು ಅಪರೂಪ. ಹಳೆಯ ಮನೆಗಳ ಬೇಲಿಯಲ್ಲಿ ಹುಡುಕಿ, ಅಲ್ಲಿನವರನ್ನು ಕೇಳಿಯೇ ತನ್ನಿ. ತರುವ ಮುಂಚೆ ಎಲೆ ಮಗುಚಿ ನೋಡಿ. ಹಿಟ್ಟು ತಿಗಣೆಯಿದ್ದರೆ ಆ ಗೆಲ್ಲು ಬೇಡ. ಕೆಂಪು ಮೊಟ್ಟೆಯಿದ್ದರೆ ಆ ಎಲೆಯನ್ನು ಬಳ್ಳಿಯಲ್ಲೇ ಬಿಟ್ಟು ಬನ್ನಿ.